ಪಾಲಿಕೆ ಆಸ್ಪತ್ರೆ ಎಂದು ಹಿಂಜರಿಯಬೇಡಿ

ಎದೆನೋವು ಬಂದರೆ ‘ಗ್ಯಾಸ್ ಇರಬೇಕು, ಊರಿಗೆ ಹೋದಾಗ ತೋರಿಸೋಣ’ ಎನ್ನುವ ಮುಂಬಯಿ ಕನ್ನಡಿಗರೇ, ಒಂದು ಮಾತು. ‘ಪಾಲಿಕೆ ಆಸ್ಪತ್ರೆಯಲ್ಲಿ ಏನಿದೆ?’ ಎಂದೂ ಕೇಳುತ್ತೀರಿ.

1926ರಲ್ಲಿ ಆರಂಭವಾದ ಪರೇಲಿನ ಕೆಇಎಂ ಪಾಲಿಕೆಯದೇ ಆಸ್ಪತ್ರೆ. ಭಾರತದ ಮೊದಲ ಹೃದಯ ಕಸಿಯನ್ನು ಡಾ. ಪಿ. ಕೆ. ಸೇನ್ ಮಾಡಿದ್ದು ಅಲ್ಲಿಯೇ, 1968ರ ಫೆಬ್ರವರಿಯಲ್ಲಿ. ಜಗತ್ತಿನ ಮೊದಲ ಕಸಿ ನಡೆದು ಆಗಿನ್ನೂ ಮೂರು ತಿಂಗಳಾಗಿರಲಿಲ್ಲ! ರೋಗಿ ಬದುಕಿದ್ದು ಕೆಲವೇ ಗಂಟೆ, ನಿಜ. ಆದರೆ ಈ ನಗರದ ಎಷ್ಟೋ ಹೃದ್ರೋಗ ತಜ್ಞರು ಕಲಿತದ್ದು ಅಲ್ಲಿಯೇ.

ಹೃದಯಾಘಾತದಲ್ಲಿ ರಕ್ತನಾಳ ಮುಚ್ಚಿರುವಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಎದೆ ಹಿಂಡಿದಂತಾಗಿ ಬೆವರು ಬಂದರೆ ಊರಿನ ರೈಲಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ಮಾಡಿಸಿ. ಖರ್ಚಿಗೆ ಹೆದರಿ ಮನೆಯಲ್ಲಿ ಕೂರಬೇಡಿ. ಪಾಲಿಕೆ ಆಸ್ಪತ್ರೆ ನಮ್ಮದೂ ಹೌದು.