ಜನರ ಹಾಡಿಗೆ ಪರವಾನಗಿ ಕೇಳುವವರು

ಅರಬ್ಬಿಯಲ್ಲಿ ‘ಶಅಬ್’ ಎಂದರೆ ಜನ, ‘ಶಅಬಿ’ ಎಂದರೆ ಜನರದ್ದು. 2011ರಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಇದೇ ಜನ ‘ಶಅಬ್’ ಎಂಬ ಸೊಲ್ಲೆತ್ತಿ ಕೂಗಿ, 30 ವರ್ಷ ಆಳಿದ ಅಧ್ಯಕ್ಷ ಮುಬಾರಕನನ್ನು ಕುರ್ಚಿಯಿಂದ ಇಳಿಸಿದರು. ಆದರೆ ಅವರು ಮೈಕು ಹಿಡಿದು ಹಾಡಿದರೆ ಈಜಿಪ್ಟಿನ ದೊಡ್ಡವರ ಕಿವಿಗೆ ಅದು ಕೊಳಕು!

2020ರ ಫೆಬ್ರವರಿ 14ರಂದು ಕೈರೋ ಸ್ಟೇಡಿಯಂನಲ್ಲಿ ಗಾಯಕ ಹಸನ್ ಶಾಕೂಶ್ ಹಾಡಿದ. ಹಾಡಿನಲ್ಲಿ ಹೆಂಡ, ಹಶೀಶಿನ ಮಾತು ಬಂತು. ಎರಡೇ ದಿನದಲ್ಲಿ ಸಂಗೀತಗಾರರ ಸಂಘ ಬಡವರ ಕೇರಿಗಳಲ್ಲಿ ಹುಟ್ಟಿದ ‘ಮಹ್ರಗಾನಾತ್’ ಎಂಬ ಹಾಡುಗಾರಿಕೆಯನ್ನೇ ನಿಷೇಧಿಸಿತು. ಕ್ಲಬ್ಬು, ಕೆಫೆ, ನೈಲ್ ನದಿಯ ದೋಣಿಗಳಲ್ಲೂ ಹಾಡುವಂತಿರಲಿಲ್ಲ. ಮರುವರ್ಷ 19 ಗಾಯಕರ ಹೆಸರು ಹಿಡಿದು ಬಾಯಿ ಕಟ್ಟಿದರು. ಒಬ್ಬ ಹಾಡಿದ್ದಕ್ಕೆ ಇಡೀ ಕೇರಿಗೆ ಶಿಕ್ಷೆ. ಇದು ಯಾವ ನ್ಯಾಯ?

ಈ ಹಾಡಿಗೆ ಬೇರಿಲ್ಲ, ಬರೀ ಗದ್ದಲ ಎನ್ನುತ್ತಾರೆ. ಸುಳ್ಳು. ಬಡವರ ಕೇರಿಯ ಮದುವೆಯನ್ನು ಒಮ್ಮೆ ನೋಡಿ. ಬೀದಿಗೆ ಅಡ್ಡಲಾಗಿ ಶಾಮಿಯಾನ. ಮೈಕು ಹಿಡಿದ ‘ನಬತ್ಶಿ’ ಮುಯ್ಯಿ ಕೊಟ್ಟವರ ಹೆಸರು, ಓಣಿ, ಊರು ಕೂಗಿ ಸಲಾಮು ಹೇಳುತ್ತಾನೆ. ಆ ಕೂಗೇ ಮಹ್ರಗಾನಾತಿನ ದನಿ. ಸಂತರ ಉರುಸಿನಲ್ಲಿ ಊದುತ್ತಿದ್ದ ಮಿಜ್ಮಾರಿನ ಚೀರು ಈಗ ಕೀಬೋರ್ಡಿಗೆ ಬಂದಿದೆ. ಮೈ ಹಿಡಿದ ದೆವ್ವವನ್ನು ಸಮಾಧಾನಪಡಿಸಲು ಹೆಂಗಸರು ಕೂಡಿ ನಡೆಸುವ ‘ಝಾರ್’ ಆಚರಣೆಯ ತಮಟೆಬಡಿತ ಕಂಪ್ಯೂಟರಿನ ತಾಳದಲ್ಲಿ ಉಳಿದಿದೆ. ವಾದ್ಯಗಾರರ ಮೇಳ ಕರೆಸಲು ದುಡ್ಡಿಲ್ಲದ ಮನೆಯವರು ಡಿಜೆಯನ್ನು ಕರೆದರು. ಬೇರು ಕಿತ್ತವರು ಇವರಲ್ಲ, ನೀರು ಹೊಯ್ದವರು.

ಈ ಹಾಡು ಮೊದಲು ಹುಟ್ಟಿದ ಕೇರಿಗಳಲ್ಲಿ ಸಲಾಂ ಸಿಟಿಯೂ ಒಂದು. 1992ರ ಭೂಕಂಪದಲ್ಲಿ ಮನೆ ಕಳೆದುಕೊಂಡವರನ್ನು ಕೈರೋದ ಅಂಚಿಗೆ ತಂದು ಸುರಿದ ಜಾಗ ಅದು. ಅಲ್ಲಿಯ ಹುಡುಗರು ಅಗ್ಗದ ಮೈಕು, ಕದ್ದ ಸಾಫ್ಟ್‌ವೇರ್ ಇಟ್ಟುಕೊಂಡು ತಮ್ಮ ಹಾಡು ತಾವೇ ಕಟ್ಟಿಕೊಂಡರು. ಅಂಚಿಗೆ ತಳ್ಳುವಾಗ ಯಾರಿಗೂ ನಾಚಿಕೆಯಾಗಲಿಲ್ಲ. ಅಂಚಿನಿಂದ ದನಿ ಬಂದ ಕೂಡಲೇ ಸಭ್ಯತೆ ನೆನಪಾಯಿತು!

ಎಪ್ಪತ್ತರ ದಶಕದಲ್ಲಿ ಅಹ್ಮದ್ ಅದವಿಯ್ಯಾನಿಗೂ ಹೀಗೇ ಮಾಡಿದರು. ಆಲಾಪದಂಥ ಮವ್ವಾಲ್ ಎತ್ತಿದರೆ ಎದೆ ಬಿರಿಯುವಂತೆ ಹಾಡುತ್ತಿದ್ದ ಶಅಬಿ ಗಾಯಕನಿಗೆ ಸರ್ಕಾರಿ ರೇಡಿಯೋ ಬಾಗಿಲು ಮುಚ್ಚಿತು. ಅವನ ಕ್ಯಾಸೆಟ್ ಟ್ಯಾಕ್ಸಿಗಳಲ್ಲಿ, ಚಹಾದಂಗಡಿಗಳಲ್ಲಿ ಓಡಿತು. 2024ರ ಡಿಸೆಂಬರಿನಲ್ಲಿ ಅವನು ತೀರಿಕೊಂಡಾಗ ದೇಶವೇ ಅವನನ್ನು ತನ್ನವನೆಂದು ಅತ್ತಿತು. ಸತ್ತ ಮೇಲೆ ಪರಂಪರೆ, ಬದುಕಿರುವಾಗ ಅಶ್ಲೀಲ. ಇದು ಸಂಗೀತದ ವಿಮರ್ಶೆಯಲ್ಲ, ವರ್ಗದ ಅಸಹ್ಯ.

ಸಂಗೀತಗಾರರ ಸಂಘ ಕೊಡುವ ಪರವಾನಗಿ ಕಾರ್ಡು ದೊಡ್ಡ ಹೋಟೆಲಿನ ವೇದಿಕೆಗೆ ಬೇಕು. ಬೀದಿಯ ಶಾಮಿಯಾನದಲ್ಲಿ ಅದನ್ನು ಕೇಳುವವರೂ ಇಲ್ಲ, ತೋರಿಸುವವರೂ ಇಲ್ಲ.