ರೂಟರ್‌ನಿಂದ ರೂಮಿಗೆ 22 ಮೀಟರ್

'ಹಲೋ, ನಿಮ್ಮ ವಾಯ್ಸ್ ಕಟ್ ಆಗ್ತಿದೆ...'

ನನ್ನ ಮೊದಲ ಆನ್‌ಲೈನ್ ಇಂಟರ್‌ವ್ಯೂನಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಪ್ರಶ್ನೆಗೆ ಉತ್ತರ ಗೊತ್ತಿತ್ತು, ಹೇಳುತ್ತಲೂ ಇದ್ದೆ. ಆ ಕಡೆ ತಲುಪಿದ್ದು ಮಾತ್ರ ಅರ್ಧಂಬರ್ಧ. ಹತ್ತನೇ ನಿಮಿಷಕ್ಕೆ ಪರದೆಯ ಮೇಲೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಅವರು ಹೊರಟುಹೋಗಿದ್ದರು. 'ತಿಳಿಸುತ್ತೇವೆ' ಎಂದು ಮೇಲ್ ಬಂತು. ಆಮೇಲೆ ಏನೂ ಬರಲಿಲ್ಲ.

'ಇನ್ನೂ ದೊಡ್ಡ ಪ್ಲಾನ್ ಹಾಕಿಸುವಾ' ಅಂದರು ಅಪ್ಪ. ನಮ್ಮದು ಆಗಲೇ 200 ಎಂಬಿಪಿಎಸ್ ಪ್ಲಾನ್. ಹಣ ಕಟ್ಟುವ ಮೊದಲು ಲ್ಯಾಪ್‌ಟಾಪನ್ನು ರೂಟರ್ ಪಕ್ಕ ಇಟ್ಟು ಪರೀಕ್ಷಿಸಿದೆ. 190 ತೋರಿಸಿತು. ನನ್ನ ರೂಮಿನಲ್ಲಿ 6! ಪುತ್ತೂರಿನ ಬಳಿಯ ನಮ್ಮ ಮನೆ ದಪ್ಪ ಕೆಂಪುಕಲ್ಲಿನದು. ಫೈಬರ್ ಬಂದದ್ದು ಎದುರಿನ ಬಾಗಿಲ ಬಳಿ, ನನ್ನ ರೂಮು ಹಿಂದಿನ ಮಹಡಿಯಲ್ಲಿ. ನಡುವೆ ಎರಡು ಗೋಡೆ, ಒಂದು ಸ್ಲ್ಯಾಬ್. ವೈಫೈ ಎಂದರೆ ರೇಡಿಯೊ ಅಲೆ. ಪ್ರತಿ ಗೋಡೆಗೂ ಒಂದಿಷ್ಟು ಸೋರಿಹೋಗುತ್ತದೆ. ತಿಂಗಳಿಗೆ ಎಷ್ಟು ಹೆಚ್ಚು ಕಟ್ಟಿದರೂ ಗೋಡೆ ತೆಳುವಾಗುವುದಿಲ್ಲ.

ಹಾಗಾಗಿ ವೈರ್ ಎಳೆಯಲು ಹೊರಟೆ. ಅಳೆದರೆ 22 ಮೀಟರ್. ಅಂಗಡಿಯಲ್ಲಿ ಅತಿ ಅಗ್ಗದ್ದನ್ನೇ ಕೇಳಿ ತಂದೆ. ಎರಡು ದಿನ ಚೆನ್ನಾಗಿತ್ತು. ಆಮೇಲೆ ವೇಗ 94ಕ್ಕೆ ನಿಂತಿತು, ಕೇಬಲ್ ಸ್ವಲ್ಪ ಅಲುಗಿದರೆ ಸಂಪರ್ಕವೇ ಹೋಗುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಬಂದು ಒಳಗಿನ ಎಳೆಯೊಂದನ್ನು ಬ್ಲೇಡಿನಿಂದ ಕೆರೆದರು. ಒಳಗೆ ಬೆಳ್ಳಗೆ. 'ಇದು ತಾಮ್ರ ಅಲ್ಲ ಮಾರಾಯ, ತಾಮ್ರದ ಬಣ್ಣ' ಅಂದರು.

ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಲೇಪ ಕೊಟ್ಟ ಈ ಕೇಬಲ್ಲನ್ನು 'ಸಿಸಿಎ' ಅನ್ನುತ್ತಾರೆ. ಬಾಗಿಸಿದಲ್ಲಿ ಬೇಗ ಮುರಿಯುತ್ತದೆ. ಕೇಬಲ್‌ನಲ್ಲಿರುವುದು ನಾಲ್ಕು ಜೋಡಿ, ಅಂದರೆ ಎಂಟು ಎಳೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, 1 ಜಿಬಿಪಿಎಸ್‌ಗೆ ನಾಲ್ಕೂ ಬೇಕು. ನನ್ನದರಲ್ಲಿ ಒಂದು ಎಳೆ ಮುರಿದಿತ್ತು. ಅದಕ್ಕೇ 94.

ಎರಡನೇ ಸಲ 'ಶುದ್ಧ ತಾಮ್ರ' ಎಂದು ಬರೆದದ್ದನ್ನೇ ನೋಡಿ, ಕೆರೆದು ನೋಡಿ ತಂದೆ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯುತ್ತದೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲದ್ದರಿಂದ ಕ್ಯಾಟ್ 6 ಆರಿಸಿದೆ. ಕ್ಯಾಟ್ 8 ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಬೀಳಬೇಡಿ, ಅದು ಡೇಟಾ ಸೆಂಟರ್‌ಗಳಿಗೆ ಮಾಡಿದ್ದು. ರೂಟರ್ ಮತ್ತು ಲ್ಯಾಪ್‌ಟಾಪ್‌ನ ಪೋರ್ಟ್ ಗಿಗಾಬಿಟ್ ಹೌದೇ ಎಂದೂ ನೋಡಿಕೊಳ್ಳಿ.

ಕ್ರಿಂಪಿಂಗ್ ಟೂಲ್ ಅಣ್ಣನದು, ಕೈ ನನ್ನದು. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಹೆಣೆದ ಜೋಡಿಗಳನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಮೊದಲ ಮೂರು ಪ್ಲಗ್ ಕಸದ ಬುಟ್ಟಿಗೆ ಹೋದವು. ಕರೆಂಟಿನ ಪೈಪಿನಲ್ಲೇ ತೂರಿಸೋಣ ಎಂದಾಗ ಅಣ್ಣ ಬೈದರು. ಸುರಕ್ಷತೆಗೂ ಸಿಗ್ನಲ್‌ಗೂ ಅದು ಕೆಟ್ಟದ್ದು. ಬೇರೆಯೇ ಪಟ್ಟಿ ಹೊಡೆದು, ಮನೆಯೊಳಗಿಂದಲೇ ತಂದೆವು. ನಮ್ಮ ಕಡೆ ಸಿಡಿಲು ಜಾಸ್ತಿ. ಗುಡುಗು ಶುರುವಾದರೆ ಈಗಲೂ ಪ್ಲಗ್ ಕೀಳುತ್ತೇನೆ.

ಒಟ್ಟು ಖರ್ಚು, ಹಾಳಾದ ಮೊದಲ ಕೇಬಲ್ ಸೇರಿಸಿದರೂ, ಎರಡು ತಿಂಗಳ ಬಿಲ್ ದಾಟಲಿಲ್ಲ. ಅದೂ ಒಂದೇ ಸಲ.

ಕೇಬಲ್ ಎಲ್ಲಕ್ಕೂ ಮದ್ದಲ್ಲ. ಬೀದಿಯಲ್ಲಿ ಫೈಬರ್ ತುಂಡಾದರೆ, ಕರೆಂಟ್ ಹೋದರೆ ಅದೂ ಸುಮ್ಮನೆ ಬಿದ್ದಿರುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಓನರ್ ಒಪ್ಪಲಿಕ್ಕಿಲ್ಲ, ಆಗ ಬಾಗಿಲ ಅಂಚಿನಲ್ಲಿ ಕ್ಲಿಪ್ ಹೊಡೆದು ತರಬಹುದು. ಆದರೆ ದೊಡ್ಡ ಪ್ಲಾನ್‌ಗೆ ಅಪ್ಪನ ಜೇಬಿಗೆ ಕೈ ಹಾಕುವ ಮೊದಲು ರೂಟರ್ ಪಕ್ಕ ಒಮ್ಮೆ, ರೂಮಿನಲ್ಲಿ ಒಮ್ಮೆ ವೇಗ ಅಳೆಯಿರಿ. ಮನೆ ಕಟ್ಟಿಸುತ್ತಿದ್ದರೆ ಪ್ರತಿ ರೂಮಿಗೂ ಒಂದು ಖಾಲಿ ಪೈಪ್ ಬಿಡಲು ಈಗಲೇ ಹೇಳಿ. ಓದು, ಪರೀಕ್ಷೆ, ಕೆಲಸ ಎಲ್ಲವೂ ಈ ದಾರಿಯಲ್ಲೇ ಬರುವ ಕಾಲದಲ್ಲಿ ಅದು ಕರೆಂಟ್, ನೀರಿನಷ್ಟೇ ಅಗತ್ಯ.

ಹಾಂ, ಎರಡನೇ ಇಂಟರ್‌ವ್ಯೂ ನಲವತ್ತು ನಿಮಿಷ ನಡೆಯಿತು. ಒಮ್ಮೆಯೂ ಕಟ್ ಆಗಲಿಲ್ಲ. ಕೆಲಸ ಸಿಗಲಿಲ್ಲ, ಕೊನೆಯ ಎರಡು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಬೇಸರವಾಯಿತು. ಆದರೆ ಈ ಸಲ ಏನು ಓದಬೇಕೆಂದು ತಿಳಿದಿದೆ. ಮುಂದಿನ ವಾರ ಮೂರನೆಯದು.