ನೂರಕ್ಕೆ ನೂರರ ಲೆಕ್ಕ

ಮೇ ತಿಂಗಳು ಬಂತೆಂದರೆ ನಮ್ಮೂರ ಬಸ್ ನಿಲ್ದಾಣದ ಎದುರು ಬ್ಯಾನರುಗಳು ಏಳುತ್ತವೆ. ಸಾಲಾಗಿ ಮಕ್ಕಳ ಫೋಟೊ, ಕೆಳಗೆ ಅಂಕ, ಮೇಲೆ ದಪ್ಪ ಅಕ್ಷರದಲ್ಲಿ ‘ಎಸ್ಸೆಸ್ಸೆಲ್ಸಿ: ಶೇ 100 ಫಲಿತಾಂಶ’. ಆ ನಗುಮುಖಗಳನ್ನು ನೋಡಿದರೆ ನನಗೂ ಖುಷಿಯೇ. ಆದರೆ ಈ ಸಲ ಅಲ್ಲಿ ನಿಂತಾಗ, ಬ್ಯಾನರಿನಲ್ಲಿ ಇಲ್ಲದ ಒಂದು ಮುಖ ನೆನಪಾಯಿತು.

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬಾಕೆ ಇದ್ದಾರೆ. ಕಳೆದ ವರ್ಷ ರವಿಕೆ ಕೊಡಲು ಬಂದವರು ಬಾಗಿಲಲ್ಲೇ ಕಣ್ಣೀರು ಹಾಕಿದರು. “ಅಕ್ಕಾ, ಮಗಳ ಟಿ.ಸಿ. ತಗೊಂಡು ಹೋಗಿ ಅಂತಿದಾರೆ. ಗಣಿತದಲ್ಲಿ ಹಿಂದಿದಾಳಂತೆ. ಹತ್ತನೇ ಕ್ಲಾಸಿಗೆ ಬೇರೆ ಶಾಲೆ ನೋಡ್ಕೊಳ್ಳಿ, ಇಲ್ಲಾಂದ್ರೆ ಹೊರಗಿನಿಂದ ಪರೀಕ್ಷೆ ಕಟ್ಟಿ ಅಂದ್ರು.” ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಹುಡುಗಿ ಮೆಲ್ಲಗೆ ಹೇಳಿದ್ದು ಇಷ್ಟೇ: “ಆಂಟಿ, ನಾನು ಫೇಲ್ ಆಗಿಲ್ಲ. ಇನ್ನೂ ಪರೀಕ್ಷೆನೇ ಬರೆದಿಲ್ಲ.”

ಮಕ್ಕಳೇ, ಒಂದು ಸುಲಭದ ಲೆಕ್ಕ ಮಾಡಿ. ಎಂಟನೇ ತರಗತಿಗೆ 40 ಮಕ್ಕಳು ಸೇರಿದರು ಅನ್ನಿ. ಒಂಬತ್ತನೇ ತರಗತಿ ಮುಗಿಯುವಾಗ ಎಂಟು ಮಂದಿಗೆ ಟಿ.ಸಿ. ಕೊಟ್ಟು ಕಳಿಸಿದರು. ಉಳಿದ 32 ಮಂದಿಯೂ ಪಾಸಾದರು. ಫಲಿತಾಂಶ ಶೇ 100! ಆದರೆ ದಡ ಸೇರಿದ್ದು 40ರಲ್ಲಿ 32, ಅಂದರೆ ಶೇ 80.

ಎಲ್ಲ ಶಾಲೆಗಳೂ ಹೀಗೆ ಮಾಡುವುದಿಲ್ಲ. ಮಾಡುವ ಶಾಲೆಗಳನ್ನಷ್ಟೇ ಬೈದರೂ ಸಾಲದು. ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂದು ನೋಡುವವರು ನಾವು. ಶಾಲೆಗೆ ಸೇರಿಸುವಾಗ “ರಿಸಲ್ಟ್ ಎಷ್ಟು?” ಎಂದು ಮೊದಲು ಕೇಳುವವರೂ ನಾವೇ.

ಆ ಒಂದು ಸಂಖ್ಯೆ ಎಷ್ಟು ನಂಬಿಕೆಗೆ ಅರ್ಹ? 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟೊಂದು ದಡ್ಡರಾಗಲಿಲ್ಲ, ಕಾವಲು ಬಿಗಿಯಾಯಿತು.

ಚಿಕ್ಕ ತರಗತಿಗಳ ಪರೀಕ್ಷೆಯ ಬಗ್ಗೆಯೂ ಜನ ಎರಡು ಪಾಲಾದರು. 5 ಮತ್ತು 8ನೇ ತರಗತಿಗೆ, ಆಮೇಲೆ 9ಕ್ಕೂ ರಾಜ್ಯಮಟ್ಟದ ಪರೀಕ್ಷೆ ಎಂದು ಸರ್ಕಾರ ಹೇಳಿದಾಗ, “ಕಲಿಸಿದ್ದಾರೋ ಇಲ್ಲವೋ ಗೊತ್ತಾಗಬೇಡವೇ?” ಎಂದರು ಕೆಲವರು. “ಹತ್ತು ವರ್ಷದ ಮಗುವಿಗೆ ಈ ಹೆದರಿಕೆ ಏಕೆ?” ಎಂದರು ಉಳಿದವರು. ವಿಷಯ ಹೈಕೋರ್ಟ್ ಹತ್ತಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅಷ್ಟರಲ್ಲಿ ಮಕ್ಕಳು ಪರೀಕ್ಷೆ ಬರೆದು ಮುಗಿಸಿದ್ದರು!

ನಾನು ಪರೀಕ್ಷೆಯ ವಿರೋಧಿಯಲ್ಲ. ಮಗುವಿಗೆ ಭಾಗಾಕಾರ ಬರುತ್ತದೆಯೇ ಎಂದು ತಿಳಿಯಲೇಬೇಕು. ಬರದಿದ್ದರೆ ಶಾಲೆ ಉತ್ತರ ಕೊಡಲೇಬೇಕು. ಆದರೆ ಆ ಉತ್ತರ “ಅವಳನ್ನು ಹೀಗೆ ಕಲಿಸುತ್ತೇವೆ” ಎಂದಿರಬೇಕು, “ಅವಳನ್ನು ಕರೆದುಕೊಂಡು ಹೋಗಿ” ಎಂದಲ್ಲ.

ಅದಕ್ಕೇ ಒಂದು ಕೋರಿಕೆ. ಜೂನ್‌ನಲ್ಲಿ ಮಗುವನ್ನು ಸೇರಿಸಲು ಹೋದಾಗ ಶೇಕಡ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ. ಎಂಟನೇ ತರಗತಿಗೆ ಸೇರಿದವರೆಷ್ಟು, ಅವರಲ್ಲಿ ಹತ್ತನೆಯದನ್ನು ಇಲ್ಲೇ ಬರೆದವರೆಷ್ಟು? ಹಿಂದುಳಿದವರಿಗೆ ಏನು ಮಾಡುತ್ತೀರಿ?

ಅಂದಹಾಗೆ, ಆ ಹುಡುಗಿ ಸರ್ಕಾರಿ ಪ್ರೌಢಶಾಲೆಗೆ ಸೇರಿದಳು. ಅಲ್ಲಿನ ಗಣಿತದ ಮೇಷ್ಟ್ರು ಸಂಜೆ ಮುಕ್ಕಾಲು ಗಂಟೆ ಕೂರಿಸಿಕೊಂಡು ಹೇಳಿಕೊಟ್ಟರು. ಈ ಮೇನಲ್ಲಿ ಅವಳಿಗೆ ಗಣಿತದಲ್ಲಿ 41 ಬಂತು. ಆ ಶಾಲೆಯ ಫಲಿತಾಂಶ ಶೇ 100 ಅಲ್ಲ, ಬ್ಯಾನರ್ ಕೂಡ ಕಟ್ಟಿಲ್ಲ. ಅವಳ ಅಮ್ಮ ಮಾತ್ರ ಬೀದಿಯ ಪ್ರತಿ ಮನೆಗೂ ಹೋಗಿ ಸಕ್ಕರೆ ಹಂಚಿದರು.